ನೋವು ನಿಂತ ಮೇಲೆ

ಹಲ್ಲುನೋವು ಶುರುವಾದ ದಿನ ನನಗೆ ಚೆನ್ನಾಗಿ ನೆನಪಿದೆ. ಕಳೆದ ವರ್ಷ ಯುಗಾದಿ ಕಳೆದು ನಾಲ್ಕನೆಯ ದಿನ, ರಾತ್ರಿ ಊಟ ಮಾಡಿ ಮಲಗಿದ ಹೊತ್ತು. ಎಡಗಡೆಯ ಕೆಳದವಡೆಯೊಳಗೆ ಅಕ್ಕಸಾಲಿಗನೊಬ್ಬ ಕುಳಿತು ಬಡಿಯುತ್ತಿದ್ದಾನೇನೋ ಅನ್ನಿಸುವಂಥ ನೋವು. ಎದ್ದು ಕುಳಿತರೆ ತುಸು ತಗ್ಗುತ್ತಿತ್ತು, ದಿಂಬಿಗೆ ತಲೆ ಕೊಟ್ಟರೆ ಮತ್ತೆ ಬಡಿತ. ಕೊಪ್ಪಳದ ಬೇಸಿಗೆಯಲ್ಲಿ ಮೊದಲೇ ನಿದ್ದೆ ಕಷ್ಟ. ಮೂರು ವಾರ ಮಾಳಿಗೆಯ ಮೇಲೆ ಅಡ್ಡಾಡಿ ರಾತ್ರಿ ಕಳೆದೆ. ಲವಂಗ ಅಗಿದೆ, ಲವಂಗದ ಎಣ್ಣೆ ಹತ್ತಿಯಲ್ಲಿ ಅದ್ದಿ ಇಟ್ಟುಕೊಂಡೆ, ಉಪ್ಪುನೀರು ಮುಕ್ಕಳಿಸಿದೆ, ಔಷಧಿ ಅಂಗಡಿಯವನು ಕೊಟ್ಟ ಮಾತ್ರೆಯನ್ನೂ ನುಂಗಿದೆ. ಒಂದು ಬೆಳಿಗ್ಗೆ ಎದ್ದಾಗ ನೋವು ಇರಲಿಲ್ಲ. ಅಂದಿನಿಂದ ಕಚೇರಿಯಲ್ಲಿ ನಾನೇ ಹಲ್ಲಿನ ವೈದ್ಯನಾದೆ. ಯಾರ ಕೆನ್ನೆಯ ಮೇಲೆ ಕೈ ಕಂಡರೂ ಲವಂಗದ ಮಹಿಮೆ ಹೇಳುತ್ತಿದ್ದೆ.

ಎಂಟು ತಿಂಗಳ ನಂತರ ಒಂದು ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದರೆ ಎಡಗೆನ್ನೆ ಉಂಡೆಯಾಗಿತ್ತು. ದವಾಖಾನೆಗೆ ಹೋದಾಗ ದಂತವೈದ್ಯೆ, ಇನ್ನೂ ಚಿಕ್ಕ ವಯಸ್ಸಿನವರು, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಕೇಳಿದ ಮೊದಲ ಪ್ರಶ್ನೆ, “ನೋವು ಯಾವಾಗ ನಿಂತಿತು?” ಯಾವಾಗ ಬಂತು ಎಂದಲ್ಲ, ಯಾವಾಗ ನಿಂತಿತು. ನಾನು ತಡವರಿಸಿದೆ. ಆ ತಾರೀಖನ್ನು ಯಾರು ಬರೆದಿಡುತ್ತಾರೆ?

ಅವರು ವಿವರಿಸಿದ್ದು ಇಷ್ಟು. ಹಲ್ಲಿನ ಹೊರಗವಚ ಎನಾಮಲ್, ದೇಹದಲ್ಲೇ ಅತಿ ಗಟ್ಟಿ ವಸ್ತು. ಅದಕ್ಕೆ ನರವಿಲ್ಲ. ಹುಳುಕು ಅದನ್ನು ಕೊರೆಯುತ್ತಿರುವಾಗ ನಮಗೆ ಏನೂ ತಿಳಿಯುವುದಿಲ್ಲ. ಒಳಪದರಕ್ಕೆ ಇಳಿದಾಗ ತಣ್ಣೀರು, ಸಿಹಿ ತಾಗಿದರೆ ಝುಮ್ಮೆನ್ನುತ್ತದೆ. ನಟ್ಟನಡುವಿನ ಮೆತ್ತನೆಯ ತಿರುಳಿಗೆ ಮುಟ್ಟಿದಾಗ ಆ ರಾತ್ರಿಗಳು ಬರುತ್ತವೆ. ದೇಹದ ಬೇರೆ ಭಾಗಕ್ಕೆ ಬಾವು ಬಂದರೆ ಹಿಗ್ಗಲು ಜಾಗವಿರುತ್ತದೆ. ಹಲ್ಲಿನ ತಿರುಳಿಗೆ ಸುತ್ತಲೂ ಕಲ್ಲಿನ ಗೋಡೆ, ಆದ್ದರಿಂದಲೇ ಆ ಬಡಿತ. ಕೊನೆಗೆ ತಿರುಳು ಸಾಯುತ್ತದೆ. ನರವೂ ಅದರೊಂದಿಗೇ ಸಾಯುತ್ತದೆ, ನೋವು ನಿಲ್ಲುತ್ತದೆ. ಲವಂಗ ಗೆದ್ದಿರಲಿಲ್ಲ, ಹಲ್ಲು ಸತ್ತಿತ್ತು. ನಾನು ಕಚೇರಿಯಲ್ಲಿ ಅದರ ತಿಥಿಯೂಟವನ್ನು ಹಬ್ಬದೂಟವೆಂದು ಬಡಿಸುತ್ತಿದ್ದೆ. ಆ ಎಂಟು ತಿಂಗಳೂ ಸೋಂಕು ಬೇರಿನ ತುದಿಯಿಂದ ಹೊರಬಿದ್ದು ದವಡೆಯ ಎಲುಬಿನಲ್ಲಿ ಗೂಡು ಕಟ್ಟಿತ್ತು. ನೋವಿದ್ದಾಗಲೇ ಬಂದಿದ್ದರೆ ಕೆಟ್ಟ ತಿರುಳನ್ನು ತೆಗೆದು ತುಂಬುವ ರೂಟ್ ಕೆನಾಲ್ ಮಾಡಿ, ಮೇಲೊಂದು ಕ್ಯಾಪ್ ಹಾಕಿ ಉಳಿಸಬಹುದಿತ್ತು. ಈಗ ಬೇರು ಸೀಳಿದೆ, ಕೀಳದೆ ಬೇರೆ ದಾರಿಯಿಲ್ಲ.

ಕಿತ್ತರು. ಬಾವು ಇಳಿಯಿತು, ನೋವು ನಿಂತಿತು. ನಾನು ಮತ್ತೆ ಮರೆತೆ. ಈ ಎರಡನೆಯ ಮರೆವೇ ನನ್ನನ್ನು ಕೊರೆಯುತ್ತಿರುವುದು.

ಹುಳ

ನಾನು ಮೂರನೆಯ ತರಗತಿಯಲ್ಲಿದ್ದಾಗ ಕುಷ್ಟಗಿ ತಾಲ್ಲೂಕಿನ ನಮ್ಮ ಊರಿಗೆ ಹಲ್ಲಿನ ಹುಳ ತೆಗೆಯುವ ಹೆಂಗಸೊಬ್ಬಳು ಬರುತ್ತಿದ್ದಳು. ಅವ್ವನ ದವಡೆ ಊದಿಕೊಂಡು ಎರಡು ದಿನದಿಂದ ರೊಟ್ಟಿ ಬಡಿಯಲೂ ಆಗದೆ ಕುಳಿತಿದ್ದಾಗ ಅಜ್ಜಿ ಅವಳನ್ನು ಕರೆಸಿದಳು. ಅವಳು ನಮ್ಮ ಕಟ್ಟೆಯ ಮೇಲೆ ಕುಳಿತು, ಒಲೆಯಲ್ಲಿ ಕೆಂಪಗೆ ಕಾಯಿಸಿದ ಕಬ್ಬಿಣದ ತುಂಡನ್ನು ನೀರಿದ್ದ ಅಗಲ ಬೋಗುಣಿಯ ನಡುವೆ ಕಲ್ಲಿನ ಮೇಲೆ ಇಟ್ಟಳು. ಸೊಂಟದ ಚೀಲದಿಂದ ನೆಲಗುಳ್ಳದ ಒಣಬೀಜ ಒಂದು ಚಿಟಿಕೆ ತೆಗೆದು, ತುಪ್ಪದಲ್ಲಿ ಕಲಸಿ, ಆ ಕಾದ ಕಬ್ಬಿಣದ ಮೇಲೆ ಹಾಕಿದಳು. ಚಟಚಟ ಎಂದು ಸಿಡಿದು ಹೊಗೆ ಎದ್ದಿತು. ಅದರ ಮೇಲೆ ತೂತಿರುವ ಮಡಕೆ ಬೋರಲು ಹಾಕಿ, ತೂತಿಗೆ ಕೊಳವೆ ಸಿಕ್ಕಿಸಿ, ಅವ್ವನ ಬಾಯಿಗೆ ಹೊಗೆ ಬಿಟ್ಟಳು. ಅವ್ವನ ಕಣ್ಣು, ಮೂಗು, ಬಾಯಿಯಿಂದೆಲ್ಲ ನೀರು. ಸ್ವಲ್ಪ ಹೊತ್ತಿನ ಮೇಲೆ ಮಡಕೆ ಎತ್ತಿ ತೋರಿಸಿದಳು. ಬೋಗುಣಿಯ ನೀರಿನಲ್ಲಿ ಬಿಳಿಯ ಸಣ್ಣ ಹುಳಗಳು, ಸುರುಳಿ ಸುತ್ತಿಕೊಂಡು, ಒಂದಕ್ಕೆ ಕಪ್ಪು ತಲೆ ಬೇರೆ. ಓಣಿಯವರೆಲ್ಲ ಬಗ್ಗಿ ನೋಡಿದರು. ಒಂದು ಸೇರು ಜೋಳ, ಒಂದು ಹಳೆಯ ಸೀರೆ ಕೊಟ್ಟು ಕಳಿಸಿದೆವು.

ನಾನು ಎರಡು ಹುಳಗಳನ್ನು ಬೆಂಕಿಪೊಟ್ಟಣದಲ್ಲಿ ಕದ್ದಿಟ್ಟಿದ್ದೆ, ಶಾಲೆಯಲ್ಲಿ ತೋರಿಸಲು. ಮರುದಿನ ತೆರೆದರೆ ಒಣಗಿದ ದಾರದ ಚೂರಿನಂತಿದ್ದವು. ಸತ್ತಿವೆ ಎಂದುಕೊಂಡೆ. ಅವು ಎಂದೂ ಬದುಕಿಯೇ ಇರಲಿಲ್ಲ ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ಬೀಜ ಕಾವಿಗೆ ಸಿಡಿದಾಗ ಒಳಗಿನ ಮೊಳಕೆಯ ಎಳೆ ಹೊರಬಿದ್ದು ಸುರುಳಿಯಾಗಿ ನೀರಿಗೆ ಬೀಳುತ್ತದೆ, ಅಷ್ಟೇ. ಬಾಯಿಯೇ ಇಲ್ಲದಿದ್ದರೂ ಆ ಬೋಗುಣಿಯಲ್ಲಿ ಹುಳ ಬೀಳುತ್ತಿದ್ದವು. ಈ ನಂಬಿಕೆ ನಮ್ಮೊಬ್ಬರದೇ ಅಲ್ಲ. ಬ್ಯಾಬಿಲೋನಿನ ಜೇಡಿಮಣ್ಣಿನ ಹಲಗೆಗಳಲ್ಲೂ ಹಲ್ಲಿನ ಹುಳದ ಕಥೆಯಿದೆ. ಯುರೋಪಿನಲ್ಲೂ ಬೇರೊಂದು ಗಿಡದ ಬೀಜ ಸುಟ್ಟು ಇದೇ ಆಟ ಆಡುತ್ತಿದ್ದರು. 1728ರಲ್ಲಿ ಫ್ರಾನ್ಸಿನ ಪಿಯರ್ ಫೊಶಾರ್ ಎಂಬ ದಂತವೈದ್ಯ ಹುಳದ ಮಾತನ್ನು ಅಲ್ಲಗಳೆದ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ, ಹಿಟ್ಟನ್ನು ಹುದುಗಿಸಿ ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂದು 1890ರಲ್ಲಿ ವಿಲೋಬಿ ಮಿಲ್ಲರ್ ತೋರಿಸಿಕೊಟ್ಟ. ನಮ್ಮ ಭಾಷೆ ಮಾತ್ರ ಹುಳವನ್ನು ಬಿಟ್ಟುಕೊಟ್ಟಿಲ್ಲ. ಹುಳುಕು ಎನ್ನುವ ಮಾತಿನಲ್ಲೇ ಅದು ಕುಳಿತಿದೆ.

ಈ ಆಮ್ಲದ ವಿಚಾರದಲ್ಲಿ ನನಗೆ ತಟ್ಟಿದ್ದು ಇನ್ನೊಂದು. ಎಷ್ಟು ಸಿಹಿ ತಿಂದೆ ಎನ್ನುವುದಕ್ಕಿಂತ ಎಷ್ಟು ಸಲ ತಿಂದೆ ಎನ್ನುವುದೇ ಹಲ್ಲಿಗೆ ಮುಖ್ಯ. ಪ್ರತಿ ಸಲ ಸಿಹಿ ಬಾಯಿಗೆ ಬಿದ್ದಾಗ ಆಮ್ಲ ಏರುತ್ತದೆ, ಜೊಲ್ಲು ಅದನ್ನು ಮತ್ತೆ ತಗ್ಗಿಸಲು ಅರ್ಧ ಗಂಟೆಯಾದರೂ ಬೇಕು. ಶ್ರಾವಣದಲ್ಲಿ ಒಂದೇ ಊಟಕ್ಕೆ ನಾಲ್ಕು ಹೋಳಿಗೆ ತಿಂದು ಕೈ ತೊಳೆದವನಿಗಿಂತ, ಬೆಳಗಿನಿಂದ ಸಂಜೆಯವರೆಗೆ ಅರ್ಧರ್ಧ ಕಪ್ ಚಹಾ ಆರು ಸಲ ಗುಟುಕರಿಸುವ ಗುಮಾಸ್ತನ ಹಲ್ಲಿಗೆ ಹೆಚ್ಚು ಪೆಟ್ಟು. ಆ ಗುಮಾಸ್ತ ನಾನೇ. ನಡುವೆ ಮಂಡಕ್ಕಿ, ಮಿರ್ಚಿ. ಮಂಡಕ್ಕಿಯ ಹಿಟ್ಟು ದವಡೆಹಲ್ಲಿನ ಸಂದಿಯಲ್ಲಿ ಮೆತ್ತಿಕೊಂಡು ಸಂಜೆಯವರೆಗೂ ಅಲ್ಲೇ.

ಹೊಗೆ ಹಾಕಿಸಿಕೊಂಡ ಮೇಲೆ ಅವ್ವನ ನೋವು ನಿಜಕ್ಕೂ ನಿಂತಿತ್ತು. ಆ ಹೆಂಗಸಿನ ಮೇಲೆ ನಮ್ಮ ಮನೆಗೆ ನಂಬಿಕೆ ಬೆಳೆದದ್ದು ಹಾಗೆ. ಆ ಹಲ್ಲಿಗೆ ಆಗ ಏನಾಗಿತ್ತು ಎಂದು ಈಗ ನನಗೆ ಗೊತ್ತು.

ಎತ್ತಿನ ಬಾಯಿ, ಅವ್ವನ ಬಾಯಿ

ನಮ್ಮಪ್ಪ ದನದ ಸಂತೆಯಲ್ಲಿ ಎತ್ತಿನ ಬಾಯಿ ನೋಡದೆ ಹಗ್ಗ ಮುಟ್ಟಿದವನಲ್ಲ. ಎಡಗೈಯಿಂದ ಮೂಗುದಾರ ಹಿಡಿದು, ಬಲಗೈ ಹೆಬ್ಬೆರಳಿನಿಂದ ಕೆಳತುಟಿ ಮಡಚಿ, ಒಂದು ಕ್ಷಣ ನೋಡಿ ಬಿಟ್ಟುಬಿಡುವನು. ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಎಂಟೂ ತುಂಬಿದ್ದು, ಸವೆದದ್ದು. ಬೆಲೆ ಅಲ್ಲೇ ನಿಶ್ಚಯವಾಗುತ್ತಿತ್ತು, ಉಳಿದದ್ದೆಲ್ಲ ಟವೆಲಿನ ಕೆಳಗೆ ಬೆರಳು ಹಿಡಿಯುವ ನಾಟಕ. ಅದೇ ಅಪ್ಪ ನಲವತ್ತು ವರ್ಷ ಅವ್ವನ ಬಾಯಿಯೊಳಗೆ ಏನು ನಡೆಯುತ್ತಿದೆ ಎಂದು ಒಮ್ಮೆಯೂ ನೋಡಲಿಲ್ಲ. ಅಪ್ಪನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ನಾನೂ ನೋಡಲಿಲ್ಲ.

ಅವ್ವನ ಹಲ್ಲುಗಳೆಲ್ಲ ಹುಳುಕಿನಿಂದ ಹೋದವಲ್ಲ. ಹೆಚ್ಚಿನವು ಗಟ್ಟಿಯಾಗಿ, ಇಡಿಯಾಗಿಯೇ ಬಿದ್ದವು. ಹೊಗೆಸೊಪ್ಪನ್ನು ಹುರಿದು ಮಾಡಿದ ಪುಡಿಯಿಂದ ಅವಳು ದಿನಕ್ಕೆ ಎರಡು ಸಲ ಹಲ್ಲು ತಿಕ್ಕುತ್ತಿದ್ದಳು. ತಿಕ್ಕುವುದೆಂದರೆ, ಅರ್ಧ ಗಂಟೆ ಬೆರಳು ಬಾಯಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂರುವುದು. ಊಟವಾದ ಮೇಲೆ ಎಲೆ ಅಡಿಕೆ. ವಸಡಿನಿಂದ ರಕ್ತ ಬಂದರೆ “ಕೆಟ್ಟ ರಕ್ತ ಹೋಗಲಿ” ಎನ್ನುತ್ತಿದ್ದಳು. ಹಲ್ಲಿನ ಬುಡದಲ್ಲಿ ಗಾರೆ ಕಟ್ಟಿ, ವಸಡು ಹಿಂದಕ್ಕೆ ಸರಿದು, ಬೇರು ಹಿಡಿದ ಎಲುಬು ಒಳಗೊಳಗೇ ಕರಗುತ್ತಿತ್ತು. ಈ ರೋಗಕ್ಕೆ ನೋವೇ ಇಲ್ಲ. ಹುಳುಕಾದರೂ ಒಂದು ರಾತ್ರಿ ಎಬ್ಬಿಸಿ ಹೇಳುತ್ತದೆ, ವಸಡಿನ ರೋಗ ಹೇಳದೆ ಕೇಳದೆ ಮನೆ ಖಾಲಿ ಮಾಡುತ್ತದೆ. ಅಲುಗುವ ಹಲ್ಲನ್ನು ಅವ್ವ ಬಚ್ಚಲಲ್ಲಿ ಕುಳಿತು ತಾನೇ ಕಿತ್ತುಕೊಂಡು, ಬಾಯಿ ಮುಕ್ಕಳಿಸಿ, ಎದ್ದು ಬಂದು ರೊಟ್ಟಿ ಬಡಿಯುತ್ತಿದ್ದಳು. ನನ್ನ ಹಾಲುಹಲ್ಲು ಬಿದ್ದಾಗ ಸಗಣಿಯಲ್ಲಿ ಸುತ್ತಿ ಮಾಳಿಗೆಯ ಮೇಲೆ ಎಸೆಯುವುದು ಒಂದು ಸಮಾರಂಭವಾಗಿತ್ತು. ಅವಳ ಹಲ್ಲಿಗೆ ಅದೂ ಇರಲಿಲ್ಲ. ಐವತ್ತೆಂಟಕ್ಕೆ ಬೊಚ್ಚುಬಾಯಿ. ಕೇಳಿದವರಿಗೆ “ವಯಸ್ಸಾಯಿತಲ್ಲ” ಎನ್ನುತ್ತಿದ್ದಳು. ವಯಸ್ಸಿಗೆ ಹಲ್ಲು ಸವೆಯುತ್ತದೆ, ಬೀಳಲೇಬೇಕೆಂದಿಲ್ಲ ಎಂಬುದನ್ನು ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ಹಲ್ಲು ಶುಚಿ ಮಾಡಿಸಿದರೆ ಸಡಿಲಾಗುತ್ತವೆ ಎಂದು ಹೆದರಿಸುವವರು ಮಾತ್ರ ಬೇಕಾದಷ್ಟಿದ್ದರು. ಗಾರೆ ತೆಗೆದಾಗ ಅಲುಗಿದಂತೆ ಕಾಣುವ ಹಲ್ಲು ಮೊದಲೇ ಸಡಿಲಾದದ್ದು, ಗಾರೆಯೇ ಅದಕ್ಕೆ ಆನಿಕೆಯಾಗಿರುತ್ತದೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂಬ ಇನ್ನೊಂದು ಮಾತು. ಕಣ್ಣಿನ ದೃಷ್ಟಿಯ ನರ ಬೇರೆ, ಹಲ್ಲಿನ ನರ ಬೇರೆ. ನಲವತ್ತು ದಾಟಿದವರಿಗೆ ಹಲ್ಲೂ ಕಣ್ಣೂ ಒಂದೇ ಕಾಲಕ್ಕೆ ಕೈಕೊಡುವುದರಿಂದ ಹುಟ್ಟಿದ ಮಾತಿರಬೇಕು.

ಇಲ್ಲೊಂದು ಅಡ್ಡಮಾತು. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿವೆ. ನನ್ನ ಓರಗೆಯ ನಮ್ಮೂರಿನವರೆಲ್ಲರಿಗೂ ಇವೆ. ಬೆಂಗಳೂರಿನಲ್ಲಿ ಓದುವಾಗ “ಗುಟ್ಕಾ ಬಿಡು ಮಾರಾಯ” ಎಂದು ಸಲಹೆ ಕೊಟ್ಟವರಿದ್ದರು. ಅದು ಗುಟ್ಕಾದ ಕಲೆಯಲ್ಲ, ನಮ್ಮೂರಿನ ಕೊಳವೆಬಾವಿಯ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಎಷ್ಟೋ ಊರುಗಳ ಅಂತರ್ಜಲ ಅದನ್ನು ದಾಟಿದೆ. ಈ ಕಲೆ ಬೀಳುವುದು ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಎಂಟು ವರ್ಷದೊಳಗಿನ ವಯಸ್ಸಿನಲ್ಲಿ ಮಾತ್ರ. ಹಾಗಾಗಿ ಗಂಗಾವತಿಯ ಕಾಲುವೆಯ ನೀರು ಕುಡಿದು ಬೆಳೆದು ನಮ್ಮೂರಿಗೆ ಸೊಸೆಯಾಗಿ ಬಂದವಳ ಹಲ್ಲು ಬೆಳ್ಳಗೆ, ಅವಳ ಮಕ್ಕಳ ಹಲ್ಲು ಕಂದು. ಬಾಯಿ ತೆರೆದರೆ ಹುಟ್ಟಿದೂರು ಗೊತ್ತಾಗುವ ವ್ಯವಸ್ಥೆ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಉಳಿದ ನೀರಿನಲ್ಲಿ ಗಟ್ಟಿಯಾಗುತ್ತದೆ. ಈಗ ಊರಿನಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ನೀರಿನ ಘಟಕ ಇದೆ, ಕೆಡದೆ ಇದ್ದ ದಿನ. ಈ ಕಲೆಗೂ ನೋವಿಲ್ಲ, ಆದ್ದರಿಂದ ಯಾರೂ ಗಲಾಟೆ ಮಾಡುವುದಿಲ್ಲ.

ಬಳ್ಳಾರಿಗೆ ಐದು ಸಲ

ನನ್ನ ಹಲ್ಲು ಕೀಳಿಸಿದ ದಿನ ಅವ್ವ ಜೊತೆಗಿದ್ದಳು. ವೈದ್ಯೆ ನನಗೆ ಹೇಳುತ್ತಿದ್ದುದನ್ನೆಲ್ಲ ಅವಳು ಕೇಳಿಸಿಕೊಳ್ಳುತ್ತಿದ್ದಳು. ಖಾಲಿ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತದೆ, ಮೇಲಿನದು ಎದುರಾಳಿಯಿಲ್ಲದೆ ಕೆಳಕ್ಕೆ ಇಳಿಯುತ್ತದೆ, ಸಂದಿಗಳಲ್ಲಿ ಅನ್ನ ಸಿಕ್ಕಿ ಹೊಸ ಹುಳುಕು. ಹಲ್ಲಿಲ್ಲದ ಎಲುಬಿಗೆ ಕೆಲಸವಿಲ್ಲ, ಅದು ಕರಗತೊಡಗುತ್ತದೆ, ಮೊದಲ ವರ್ಷದಲ್ಲೇ ಹೆಚ್ಚು. ಹಲ್ಲು ಹೋದದ್ದು ಒಂದು ದಿನದ ಘಟನೆ ಎಂದುಕೊಂಡಿದ್ದೆ. ಅದು ಅಲ್ಲಿಂದ ಶುರುವಾಗುತ್ತದಂತೆ.

ಖಾಲಿ ಜಾಗಕ್ಕೆ ಸೇತುವೆಯಂತೆ ಕಟ್ಟುಹಲ್ಲು, ಅಂದರೆ ಬ್ರಿಡ್ಜ್ ಹಾಕಬಹುದು, ಆದರೆ ಪಕ್ಕದ ಎರಡು ಆರೋಗ್ಯವಂತ ಹಲ್ಲುಗಳನ್ನು ಅರೆದು ಕಂಬ ಮಾಡಬೇಕು. ತೆಗೆದು ಹಾಕುವ ಹಲ್ಲು ಅಗ್ಗ, ಆದರೆ ಒಂದೇ ಹಲ್ಲಿಗಾಗಿ ಕೊಕ್ಕೆಯ ಕಿರಿಕಿರಿ. ಮೂರನೆಯದು ಇಂಪ್ಲಾಂಟ್, ಎಲುಬಿಗೆ ಟೈಟಾನಿಯಂ ತಿರುಪು ಇಳಿಸಿ ಮೇಲೆ ಹಲ್ಲು ಕೂರಿಸುವುದು. ಬ್ರೋನೆಮಾರ್ಕ್ ಎಂಬ ಸ್ವೀಡನ್ನಿನ ವಿಜ್ಞಾನಿ 1950ರ ದಶಕದಲ್ಲಿ ಮೊಲದ ಕಾಲಿನೆಲುಬಿನಲ್ಲಿ ರಕ್ತದ ಹರಿವು ನೋಡಲು ಟೈಟಾನಿಯಂ ಕೊಳವೆ ಇಟ್ಟಿದ್ದ. ಕೆಲಸ ಮುಗಿದು ತೆಗೆಯಹೋದರೆ ಬರಲೊಲ್ಲದು, ಎಲುಬು ಲೋಹವನ್ನು ತನ್ನದೆಂದು ಹಿಡಿದುಕೊಂಡಿತ್ತು. ಹಲ್ಲಿನ ಬಗ್ಗೆ ಹುಡುಕದೆ ಸಿಕ್ಕದ್ದು ಅದು. 1965ರಲ್ಲಿ ಮೊದಲ ಮನುಷ್ಯನ ದವಡೆಗೆ ಹಾಕಿದ. ಎಲುಬು ಹಿಡಿಯಲು ಮೂರರಿಂದ ಆರು ತಿಂಗಳು ಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ಬೀಡಿ ಸಿಗರೇಟು ಬಿಡದವರಿಗೆ ಅದು ಕೈಕೊಡುವ ಸಂಭವ ಹೆಚ್ಚು. ನನಗೆ ಹೇಳಿದ ಬೆಲೆ 30 ಸಾವಿರ.

“ಒಂದು ಹಲ್ಲಿಗೆ?” ಎಂದಳು ಅವ್ವ.

“ಒಂದಕ್ಕೇ ಅಮ್ಮ.”

“ಮೂರು ಆಡು ಬರುತ್ತವಲ್ಲ ತಾಯಿ, ಹಲ್ಲಿನ ಸಮೇತ!”

ವೈದ್ಯೆ ನಕ್ಕುಬಿಟ್ಟರು. ಆಮೇಲೆ ನನ್ನನ್ನು ಬಿಟ್ಟು ಅವ್ವನ ಕಡೆ ತಿರುಗಿ, “ನೀವು ಯಾಕೆ ಹಲ್ಲಿನ ಸೆಟ್ ಕಟ್ಟಿಸಿಕೊಂಡಿಲ್ಲ?” ಎಂದು ಕೇಳಿದರು. ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, “ನನಗೆ ನೋವೇನೂ ಇಲ್ಲವಲ್ಲ” ಎಂದಳು. ಸ್ವಲ್ಪ ತಡೆದು, “ಇನ್ನೆಷ್ಟು ವರ್ಷ ಜಗಿಯಬೇಕು ನಾನು?” ಎಂದಳು. ಮೇಲ್ನೋಟಕ್ಕೆ ಲೆಕ್ಕದ ಪ್ರಶ್ನೆ. ಹತ್ತು ವರ್ಷದಿಂದ ಅವಳು ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ನುಂಗುತ್ತಿದ್ದಾಳೆ, ಮದುವೆಮನೆಯಲ್ಲಿ ಕೊನೆಯ ಪಂಕ್ತಿಗೆ ಕೂರುತ್ತಾಳೆ, ಶೇಂಗಾ ಹಿಂಡಿಯನ್ನು ನಾಲಿಗೆಯ ಮೇಲೆ ಕರಗಿಸಿಕೊಳ್ಳುತ್ತಾಳೆ. ಇದೆಲ್ಲ ಎದುರಿಗೇ ನಡೆದಿದ್ದರೂ ನನಗೆ ಕಂಡದ್ದು ಆ ಕುರ್ಚಿಯಲ್ಲಿ, ಬಾಯಲ್ಲಿ ಹತ್ತಿ ಕಚ್ಚಿಕೊಂಡು ಕುಳಿತಾಗ.

ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ಪೂರ್ತಿ ಸೆಟ್ಟಿಗೆ ಸಾಮಾನ್ಯವಾಗಿ ಐದು ಸಲ ಹೋಗಬೇಕು. ಬೆಳಗಿನ ರೈಲು ಹಿಡಿದು, ಹೊಸಪೇಟೆ, ತೋರಣಗಲ್ಲಿನ ಹೊಗೆ ದಾಟಿ ಹೋಗುತ್ತಿದ್ದೆವು. ಮೊದಲ ಸಲ ಅಚ್ಚು, ಎರಡನೆಯ ಸಲ ಇನ್ನೂ ಸೂಕ್ಷ್ಮವಾದ ಅಚ್ಚು. ಮೂರನೆಯ ಸಲ ಮೇಣದ ಪಟ್ಟಿ ಬಾಯಲ್ಲಿಟ್ಟು ಎರಡು ದವಡೆಗಳ ನಡುವಿನ ಅಂತರ ಗುರುತಿಸುವುದು. ಅಲ್ಲಿದ್ದ ವಿದ್ಯಾರ್ಥಿನಿ, “ಅಜ್ಜಿ, ತುಟಿ ಕೂಡಿಸಿ ‘ಮ’ ಅನ್ನಿರಿ. ಈಗ ‘ಸ’ ಬರುವ ಮಾತು ಹೇಳಿರಿ” ಎಂದಳು. ಹಲ್ಲು ಎತ್ತರವಾದರೆ ‘ಸ’ ಹೇಳುವಾಗ ಒಂದಕ್ಕೊಂದು ತಾಗುತ್ತವೆ, ಅದಕ್ಕೆ ಈ ಪರೀಕ್ಷೆ. ಅವ್ವ ಹತ್ತು ವರ್ಷದಿಂದ ‘ಸ’ವನ್ನು ಗಾಳಿಗೆ ಬಿಟ್ಟುಬಿಟ್ಟವಳು. ಯೋಚಿಸಿ, “ಸಾಸಿವೆ” ಎಂದಳು. “ಸಂತೆ.” ಆಮೇಲೆ ನನ್ನ ಹೆಂಡತಿಯ ಕಡೆ ನೋಡಿ, “ಸೊಸೆ”. ಮೇಣದ ನಡುವೆಯೂ ಆ ಮಾತು ಸ್ಪಷ್ಟವಾಗಿ ಬಂತು. ಮೂವರೂ ಹೆಂಗಸರು ಎಷ್ಟು ನಕ್ಕರೆಂದರೆ ಮೇಣದ ಪಟ್ಟಿ ಜಾರಿ, ಮತ್ತೆ ಮೊದಲಿನಿಂದ ಅಳೆಯಬೇಕಾಯಿತು.

ಹರಳು

ಸೆಟ್ ಬಂದ ಮೊದಲ ತಿಂಗಳು ಅದು ಬಾಯಿಗಿಂತ ಹೆಚ್ಚು ಸ್ಟೀಲಿನ ಡಬ್ಬಿಯಲ್ಲೇ ಇತ್ತು. ಮೇಲಿನದು ಅಂಗುಳಕ್ಕೆ ಅಂಟಿ ನಿಲ್ಲುತ್ತದೆ. ಕೆಳಗಿನದಕ್ಕೆ ಹಿಡಿದುಕೊಳ್ಳಲು ಜಾಗವೇ ಕಡಿಮೆ, ನಾಲಿಗೆ ಬೇರೆ ತಳ್ಳುತ್ತದೆ. ಹತ್ತು ವರ್ಷ ಬಿಟ್ಟು ಬಂದಿದ್ದರಿಂದ ಅವ್ವನ ಕೆಳದವಡೆಯ ದಿಬ್ಬ ಸವೆದು ಹೊಲದ ಹಳೆಯ ಬದುವಿನಂತಾಗಿತ್ತು. ಎರಡು ಕಡೆ ಹುಣ್ಣಾಯಿತು, ಹೋಗಿ ಅರೆಸಿಕೊಂಡು ಬಂದೆವು. ಎರಡೂ ಕಡೆಯಿಂದ ಸಮವಾಗಿ ಅಗಿಯಬೇಕು, ಮುಂದಿನ ಹಲ್ಲಿನಿಂದ ಕಚ್ಚಿ ಎಳೆಯಬಾರದು, ರಾತ್ರಿ ತೆಗೆದು ತಣ್ಣೀರಿನಲ್ಲಿಡಬೇಕು, ಬಿಸಿನೀರು ತಾಗಿಸಿದರೆ ಸೊಟ್ಟಗಾಗುತ್ತದೆ, ತೊಳೆಯುವಾಗ ಕೆಳಗೆ ನೀರಿನ ಬುಟ್ಟಿ ಇಟ್ಟುಕೊಂಡರೆ ಜಾರಿ ಬಿದ್ದರೂ ಒಡೆಯುವುದಿಲ್ಲ. ಇವೆಲ್ಲ ಅವಳಿಗೆ ಬಾಯಿಪಾಠ. ದವಡೆ ಇನ್ನೂ ಸವೆಯುತ್ತಲೇ ಇರುವುದರಿಂದ ಕೆಲವು ವರ್ಷಕ್ಕೊಮ್ಮೆ ಒಳಪದರ ಹೊಸದಾಗಿ ಹಾಕಿಸಬೇಕು ಎಂದಾಗ, “ಮಾಳಿಗೆಗೆ ಮಣ್ಣು ಹಾಕಿಸಿದಂತೆ” ಎಂದಳು.

ಎರಡನೆಯ ತಿಂಗಳ ಕೊನೆಗೆ ಖಡಕ್ ರೊಟ್ಟಿಯನ್ನು ಸಣ್ಣಗೆ ಮುರಿದು, ಮೊಸರು ತಾಗಿಸಿ ತಿನ್ನತೊಡಗಿದಳು. ಆದರೆ ಒಂದು ದೂರು ಉಳಿದಿದೆ. “ರುಚಿ ಬಂತು ತಮ್ಮಾ, ಹರಳು ಗೊತ್ತಾಗುವುದಿಲ್ಲ.” ಇದನ್ನು ನಾನು ಬಹಳ ದಿನ ತಲೆಯಲ್ಲಿ ಹೊತ್ತು ತಿರುಗಿದೆ. ನಿಜವಾದ ಹಲ್ಲು ಎಲುಬಿಗೆ ನೇರವಾಗಿ ಅಂಟಿರುವುದಿಲ್ಲ, ನಡುವೆ ತೆಳು ನಾರಿನ ಜೋಲಿಯೊಂದಿದೆ. ಅನ್ನದಲ್ಲಿ ಒಂದು ಕೂದಲಿದ್ದರೂ ಆ ನಾರು ತಿಳಿಸುತ್ತದೆ, ಹರಳು ತಾಗಿದೊಡನೆ ದವಡೆ ತಾನಾಗಿ ನಿಲ್ಲುತ್ತದೆ. ಸೆಟ್ಟಿಗೆ ಆ ನಾರಿಲ್ಲ. 30 ಸಾವಿರದ ತಿರುಪಿಗೂ ಇಲ್ಲ. ಅದರ ಸುತ್ತ ಸೋಂಕಾದರೂ ಎಷ್ಟೋ ಸಲ ನೋವಾಗದೆ ಎಲುಬು ತಿನ್ನುತ್ತದಂತೆ. ಜಗಿಯುವ ಶಕ್ತಿಯನ್ನು ಕೊಳ್ಳಬಹುದು. ನಾನು ಲವಂಗ ಇಟ್ಟು ಓಡಿಸಲು ನೋಡಿದ ಆ ಕೂಗು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಕಳೆದ ವಾರ ಊರಿಗೆ ಹೋದಾಗ ಅವ್ವ ಕಟ್ಟೆಯ ಮೇಲೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಈಗ ಎರಡು ಸಲ ಆರಿಸುತ್ತಾಳೆ, ಬಾಯಿ ಮಾಡುತ್ತಿದ್ದ ಕೆಲಸವನ್ನು ಕಣ್ಣಿಗೆ ಕೊಟ್ಟಿದ್ದಾಳೆ.

“ನಿನ್ನ ಹಲ್ಲಿನದು ಏನಾಯಿತು? ಹಾಕಿಸಿದೆಯಾ?”

“ಇಲ್ಲವ್ವ. ಈಗ ನೋವೇನೂ ಇಲ್ಲ.”

ಹೇಳಿದ ಮೇಲೆ ನನಗೇ ಕೇಳಿಸಿತು. ಅವ್ವ ಮೊರ ಬದಿಗಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿದಳು. ಹೆಬ್ಬೆರಳಿನಿಂದ ಕೆಳತುಟಿ ಮಡಚಿ, ಕಣ್ಣು ಕಿರಿದು ಮಾಡಿ ಒಳಗೆ ನೋಡಿದಳು. ಹಿಂದಿನ ದವಡೆಹಲ್ಲು ಸಂದಿಯ ಕಡೆಗೆ ವಾಲಿರುವುದು ಅವಳಿಗೂ ಕಂಡಿರಬೇಕು.

“ಈ ಎತ್ತಿನ ಹಗ್ಗ ನಿಮ್ಮಪ್ಪ ಮುಟ್ಟುತ್ತಿರಲಿಲ್ಲ” ಎಂದು ಹೇಳಿ ಮತ್ತೆ ಮೊರ ಎತ್ತಿಕೊಂಡಳು.